ಕೋಡ್ ಕದ್ದೆ ಅಂತ ಬರೆದಿದ್ದಾರೆ, ಕೇಸ್ ಹಾಕಲಾ?

ಪ್ರಶ್ನೆ (ಬಸವನಗುಡಿಯಿಂದ):
ಮೇಡಂ, ನಮಸ್ಕಾರ. ಆರು ವರ್ಷದಿಂದ ಕನ್ನಡದ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಸ್ಪೆಲ್‌ಚೆಕ್ಕರ್ ನಡೆಸುತ್ತಿದ್ದೇನೆ. ಆಫೀಸ್ ಮುಗಿಸಿ ಬಂದು ರಾತ್ರಿ ಕೂತು ಮಾಡಿದ ಕೆಲಸ. ಮೊದಲು ನಮ್ಮ ಜೊತೆ ಇದ್ದ ಒಬ್ಬರು ಹೋದ ವಾರ "ಇವನು ನನ್ನ ಕೋಡ್ ಕದ್ದು ತನ್ನ ಹೆಸರು ಹಾಕಿಕೊಂಡ" ಅಂತ ಎಲ್ಲ ಕಡೆ ಬರೆದಿದ್ದಾರೆ. ಅದರ ಸ್ಕ್ರೀನ್‌ಶಾಟ್ ನಮ್ಮ ಆಫೀಸ್ ಗ್ರೂಪಿಗೂ ಬಂತು. ನಿದ್ದೆ ಹತ್ತುತ್ತಿಲ್ಲ. ಎರಡು ವರ್ಷದ ಹಿಂದೆ ಅವರು ಮೇಲ್‌ನಲ್ಲಿ ಕಳಿಸಿದ ಪ್ಯಾಚ್ (ಕೋಡಿನ ತಿದ್ದುಪಡಿ) ಒಂದನ್ನು ನಾನೇ ಕಮಿಟ್ ಮಾಡಿದ್ದು, ಅಂದರೆ ಪ್ರಾಜೆಕ್ಟಿಗೆ ಸೇರಿಸಿದ್ದು ನಿಜ. ಕದಿಯುವ ಉದ್ದೇಶ ಇರಲಿಲ್ಲ. ಮಾನನಷ್ಟ ಕೇಸ್ ಹಾಕಲಾ, ಇಲ್ಲ ಸುಮ್ನೆ ಇದ್ದುಬಿಡಲಾ?

ಉತ್ತರ (ವಕೀಲರು, ಸಾಫ್ಟ್‌ವೇರ್ ಲೈಸೆನ್ಸ್ ವಿಷಯ ನೋಡುವವರು):
ಆ ಪ್ಯಾಚ್ ವಿಷಯ ನೀವೇ ಹೇಳಿದ್ದು ಒಳ್ಳೆಯದಾಯಿತು. ಇಡೀ ಜಗಳದ ಬೇರು ಅಲ್ಲೇ ಇದೆ.

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಆಥರ್ (ಬರೆದವರು) ಬೇರೆ, ಕಮಿಟರ್ (ಸೇರಿಸಿದವರು) ಬೇರೆ ಅಲ್ವಾ? ಮೇಲ್‌ನಲ್ಲಿ ಬಂದ ಪ್ಯಾಚನ್ನು "ಗಿಟ್ ಎಎಂ" ಕಮಾಂಡ್ ಮೂಲಕ ಸೇರಿಸಿದ್ದರೆ ಬರೆದವರ ಹೆಸರು ಉಳಿಯುತ್ತಿತ್ತು. ಕಾಪಿ-ಪೇಸ್ಟ್ ಮಾಡಿ ಕಮಿಟ್ ಮಾಡಿದರೆ ಎರಡೂ ಕಡೆ ನಿಮ್ಮ ಹೆಸರೇ ಬರುತ್ತದೆ. ನಿಮಗೆ ಅದು ಅವಸರದಲ್ಲಿ ಆದ ಸಣ್ಣ ವಿಷಯ. ಅವರಿಗೆ ಹಾಗಲ್ಲ, ಅವರ ದುಡಿಮೆಯಲ್ಲಿ ಅವರ ಹೆಸರೇ ಇಲ್ಲ. ಸಂಬಳ ಇಲ್ಲದ ಕೆಲಸದಲ್ಲಿ ಸಿಗುವುದು ಹೆಸರೊಂದೇ. ಕಾನೂನು ಕೂಡ ಇದನ್ನು ಮಾನ್ಯ ಮಾಡುತ್ತದೆ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ "ಇದು ನಾನು ಬರೆದದ್ದು" ಎಂದು ಹೇಳಿಕೊಳ್ಳುವ ಹಕ್ಕು ಬರೆದವರಿಗಿದೆ. ಕಂಪ್ಯೂಟರ್ ಪ್ರೋಗ್ರಾಂ ಕೂಡ ಆ ಕಾಯ್ದೆಯಲ್ಲಿ ಸಾಹಿತ್ಯ ಕೃತಿಯೇ.

ಹಾಗಾಗಿ "ಕದ್ದ" ಎನ್ನುವ ಮಾತು ಜಾಸ್ತಿಯಾಯಿತು. ಹೆಸರು ಹೋಗಿದೆ ಎನ್ನುವ ದೂರು ಮಾತ್ರ ಸರಿ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿ.

ಇವತ್ತು ಮಾಡಬಾರದ್ದು ಒಂದಿದೆ. ಫೋರ್ಸ್ ಪುಷ್ ಮಾಡಿ (ಹಳೇ ದಾಖಲೆಯ ಮೇಲೆ ಬಲವಂತವಾಗಿ ಹೊಸದು ಹಾಕಿ) ಹಳೇ ಕಮಿಟ್ ತಿದ್ದಬೇಡಿ. ಆಮೇಲಿನ ಎಲ್ಲ ಕಮಿಟ್‌ಗಳ ಹ್ಯಾಶ್ (ಗುರುತಿನ ಸಂಖ್ಯೆ) ಬದಲಾಗುತ್ತವೆ. ಹಳೇ ಪ್ರತಿ ಇಟ್ಟುಕೊಂಡವರು ಹೋಲಿಸಿ ನೋಡಿ "ಸಾಕ್ಷಿ ಅಳಿಸಿದ" ಎನ್ನುತ್ತಾರೆ. ಆಗ ಇಲ್ಲದ ಕಳ್ಳತನ ಇದ್ದಂತೆ ಕಾಣುತ್ತದೆ. ಅದರ ಬದಲು ಹೊಸ ಕಮಿಟ್ ಹಾಕಿ. ಅದರಲ್ಲಿ ಹಳೇ ಕಮಿಟ್‌ನ ಹ್ಯಾಶ್ ಕೊಟ್ಟು "ಬರೆದವರು ಇವರು" ಎಂದು ಹೇಳಿ, ಕೋಡ್ ಬರೆದವರ ಪಟ್ಟಿ ಇರುವ ಆಥರ್ಸ್ ಫೈಲಿಗೂ ಅವರ ಹೆಸರು ಸೇರಿಸಿ.

ಆಮೇಲೆ ಒಂದೇ ಒಂದು ಉತ್ತರ, ಪ್ರಾಜೆಕ್ಟ್‌ನ ಜಾಗದಲ್ಲೇ ಬರೆಯಿರಿ. ಹೀಗೆ: "ಈ ಪ್ಯಾಚ್ ಬರೆದವರು ಅವರು. ಸೇರಿಸುವಾಗ ನಾನು ಅವರ ಹೆಸರು ಹಾಕಲಿಲ್ಲ. ತಪ್ಪು ನನ್ನದು, ಕ್ಷಮಿಸಿ. ಇವತ್ತು ಸರಿಪಡಿಸಿದ್ದೇನೆ. ಉಳಿದ ಕೋಡ್‌ನ ಇತಿಹಾಸ ಎಲ್ಲರಿಗೂ ತೆರೆದಿದೆ." ಅಷ್ಟೇ. "ಕ್ಷಮಿಸಿ" ಆದಮೇಲೆ "ಆದರೆ" ಬೇಡ. ಅವರ ಸ್ವಭಾವದ ಮಾತು, ಹಳೇ ಚಾಟ್ ಯಾವುದೂ ಬೇಡ. ನಿಮ್ಮ ಸ್ನೇಹಿತರು ನಿಮ್ಮ ಪರ ಜಗಳಕ್ಕೆ ಇಳಿಯದಂತೆ ನೀವೇ ಹೇಳಿ. ಇದು ತುಂಬ ಮುಖ್ಯ. ನಾನು ನೋಡಿದ ಎಷ್ಟೋ ಜಗಳಗಳನ್ನು ಕೆಡಿಸಿದವರು ಜೊತೆಗಾರರೇ.

ಇನ್ನೊಬ್ಬ ಸದಸ್ಯರು:
ಐಟಿ ಕಾಯ್ದೆಯ 66ಎ ಸೆಕ್ಷನ್ ಕೆಳಗೆ ಸೈಬರ್ ಪೊಲೀಸರಿಗೆ ದೂರು ಕೊಡಿ ಗುರು, ಒಂದೇ ದಿನದಲ್ಲಿ ಡಿಲೀಟ್ ಮಾಡ್ತಾರೆ.

ಉತ್ತರ (ವಕೀಲರು):
ದಯವಿಟ್ಟು ಬೇಡ. 66ಎ ಈಗ ಇಲ್ಲ. 2015ರ ಮಾರ್ಚ್‌ನಲ್ಲೇ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ.

ಮಾನನಷ್ಟದ ಕ್ರಿಮಿನಲ್ ಕೇಸ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ಗೆ ಬರುತ್ತದೆ. ಆದರೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ ನಿಜ ಮಾನನಷ್ಟ ಆಗುವುದಿಲ್ಲ. ನಿಮ್ಮ ಎದುರಾಳಿ ಮೊದಲು ತೋರಿಸುವುದೇ ಆ ಕಮಿಟ್ ಅನ್ನು. ಸಿವಿಲ್ ದಾವೆಗೆ ಒಂದು ವರ್ಷ ಸಮಯವಿದೆ, ಅವಸರ ಏನೂ ಇಲ್ಲ. ಬರಹಗಳನ್ನು ಲಿಂಕ್, ದಿನಾಂಕ ಸಮೇತ ಉಳಿಸಿಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ಕೋರ್ಟಿನಲ್ಲಿ ಸಾಲುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು.

ಪ್ರಶ್ನೆ ಕೇಳಿದವರು:
ಕ್ಷಮೆ ಕೇಳಿದರೆ "ಕಳ್ಳ ಒಪ್ಪಿಕೊಂಡ" ಅನ್ನಲ್ವಾ ಮೇಡಂ? ಆರು ವರ್ಷದ ಹೆಸರು ಹೋಗುತ್ತೆ ಅನ್ನೋ ಭಯ.

ಉತ್ತರ (ವಕೀಲರು):
ಕೆಲವರು ಅಂದೇ ಅನ್ನುತ್ತಾರೆ. ಅವರಿಗಾಗಿ ಬರೆಯಬೇಡಿ. ನಿಮ್ಮ ಪ್ರಾಜೆಕ್ಟಿಗೆ ನಾಳೆ ಪ್ಯಾಚ್ ಕಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಹುಡುಗ ಹುಡುಗಿಯರಿದ್ದಾರಲ್ಲ, ಅವರಿಗಾಗಿ ಬರೆಯಿರಿ. ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಒರಟು ಮಾತುಗಳಿಗೆ ಎಲ್ಲರೆದುರು ಕ್ಷಮೆ ಕೇಳಿದರು. ಸ್ವಲ್ಪ ದಿನ ದೂರ ಇದ್ದು, ಮುಂದಿನ ತಿಂಗಳು ವಾಪಸ್ ಬಂದರು. ಅವರ ಹೆಸರೇನೂ ಹೋಗಲಿಲ್ಲ.

ಆಫೀಸಿನವರು ಕೇಳುವ ಮೊದಲೇ ನಿಮ್ಮ ಮ್ಯಾನೇಜರ್ ಹತ್ತಿರ ನಾಲ್ಕು ಸಾಲಿನಲ್ಲಿ ಹೇಳಿಬಿಡಿ.

ಇನ್ನೊಂದು. ಎಲ್ಲರೆದುರು ಬರೆಯುವ ಮೊದಲು ಆ ಪ್ಯಾಚ್ ಬರೆದವರಿಗೆ ಒಂದು ಫೋನ್ ಮಾಡಿ. ಮೀಡಿಯೇಶನ್‌ನಲ್ಲಿ ಎದುರುಬದುರು ಕೂತವರನ್ನು ತುಂಬ ನೋಡಿದ್ದೇನೆ. "ಆವತ್ತೇ ಒಂದು ಮಾತು ಹೇಳಿದ್ದರೆ ಇಲ್ಲಿಗೆ ಬರ್ತಾನೇ ಇರಲಿಲ್ಲ" ಎಂದು ಕಣ್ಣೀರು ಹಾಕಿದವರಿದ್ದಾರೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):
ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ, ರಾತ್ರಿ ಅವರೇ ಮಾಡಿದರು. ಮುಕ್ಕಾಲು ಗಂಟೆ ಬೈದರು. ಆ ಪ್ಯಾಚ್ ಬರೆದಾಗ ಅವರಿಗೆ ಕೆಲಸ ಇರಲಿಲ್ಲವಂತೆ, ಇಂಟರ್‌ವ್ಯೂನಲ್ಲಿ ತೋರಿಸೋಕೆ ಹೋದರೆ ಅವರ ಹೆಸರೇ ಕಾಣಲಿಲ್ಲವಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಹೊಸ ಕಮಿಟ್ ಹಾಕಿದ್ದೇನೆ, ನೀವು ಹೇಳಿದ ಹಾಗೆ ಬರೆದೆ. ಅವರು ತಮ್ಮ ಹಳೇ ಬರಹವನ್ನು ಇನ್ನೂ ತೆಗೆದಿಲ್ಲ. ಕೆಳಗೆ "ಹೆಸರು ಸೇರಿಸಿದ್ದಾರೆ" ಅಂತ ಒಂದು ಸಾಲು ಹಾಕಿದ್ದಾರೆ. ನಿನ್ನೆ ರಾತ್ರಿ ನಿದ್ದೆ ಬಂತು ಮೇಡಂ.