ಟಿಎ ಐದು ವರ್ಷ ಗ್ಯಾರಂಟಿ, ಆರ್‌ಎಗೆ ದುಡ್ಡು ಜಾಸ್ತಿ: ಯಾವುದಕ್ಕೆ ಹೂಂ ಅನ್ನಲಿ?

ಗೊಂದಲಪುರ

ನಮಸ್ಕಾರ. ಅಮೆರಿಕದ ಎರಡು ಯೂನಿವರ್ಸಿಟಿಗಳಿಂದ ಪಿಎಚ್‌ಡಿಗೆ ಆಫರ್ ಬಂದಿದೆ, ಎರಡೂ ಫಿಸಿಕ್ಸ್ ಡಿಪಾರ್ಟ್‌ಮೆಂಟ್. ಮೊದಲನೆಯವರು ಐದು ವರ್ಷ ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಪಾಠ, ಪೇಪರ್ ತಿದ್ದುವುದರಲ್ಲಿ ನೆರವಾಗುವ ಕೆಲಸ) ಗ್ಯಾರಂಟಿ ಅಂತ ಬರೆದಿದ್ದಾರೆ, ಆದರೆ ಸ್ಟೈಪೆಂಡ್ ವರ್ಷಕ್ಕೆ 9 ತಿಂಗಳು ಮಾತ್ರ. ಎರಡನೆಯದರಲ್ಲಿ ಒಬ್ಬ ಪ್ರೊಫೆಸರ್ ಲ್ಯಾಬಿಗೆ ನೇರವಾಗಿ ಆರ್‌ಎ (ರಿಸರ್ಚ್ ಅಸಿಸ್ಟೆಂಟ್, ಸಂಶೋಧನೆಯ ಕೆಲಸ). 12 ತಿಂಗಳೂ ಸಂಬಳ, ಮೊತ್ತವೂ ಜಾಸ್ತಿ. ಆದರೆ ಕೊನೆಯ ಪ್ಯಾರಾದಲ್ಲಿ ‘ಹಣ ಲಭ್ಯವಿದ್ದರೆ ಮುಂದುವರಿಸಲಾಗುವುದು’ ಅನ್ನುವ ಥರ ಒಂದು ಸಾಲಿದೆ.

ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಜಾಸ್ತಿ ಕೊಡುವ ಕಡೆ ಹೋಗು ಅಂತ. ಸಾಲ ಮಾಡಿ ಓದುವ ಸ್ಥಿತಿ ನಮ್ಮದಲ್ಲ, ಹಾಗಾಗಿ ಆ ಸಾಲು ಓದಿದಾಗಿನಿಂದ ನಿದ್ದೆ ಬರುತ್ತಿಲ್ಲ. ಈಗಿನ್ನೂ ಮಾರ್ಚ್, ಅಷ್ಟರಲ್ಲೇ ಆರ್‌ಎ ಕಡೆಯವರು ಐದು ದಿನದಲ್ಲಿ ಉತ್ತರ ಕೊಡಿ ಅಂತ ಮೇಲ್ ಹಾಕಿದ್ದಾರೆ. ಅನುಭವ ಇರುವವರು ಹೇಳಿ, ಏನು ಮಾಡಲಿ?

ಆರನೇ ವರ್ಷದವ

ಮೊದಲು ಆ ಐದು ದಿನದ ವಿಷಯ. ಅಲ್ಲಿನ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಂದು ಒಪ್ಪಂದ ಇದೆ, ಎಲ್ಲರೂ ಏಪ್ರಿಲ್ 15ರ ನಿರ್ಣಯ ಅಂತಲೇ ಕರೆಯುತ್ತಾರೆ. ಅದಕ್ಕೆ ಸಹಿ ಹಾಕಿದ ಯೂನಿವರ್ಸಿಟಿ ಹಣಕಾಸಿನ ಆಫರ್ ಕೊಟ್ಟರೆ, ಏಪ್ರಿಲ್ 15ಕ್ಕಿಂತ ಮುಂಚೆ ಉತ್ತರ ಕೊಡಲೇಬೇಕು ಅಂತ ಇಲ್ಲ. ಯಾರು ಸಹಿ ಹಾಕಿದ್ದಾರೆ ಅನ್ನುವ ಪಟ್ಟಿ ಕೌನ್ಸಿಲ್‌ನ ಸೈಟಿನಲ್ಲೇ ಇದೆ, ಹೋಗಿ ನೋಡಿ. ನಿಮ್ಮದು ಅದರಲ್ಲಿದ್ದರೆ ‘ಏಪ್ರಿಲ್ 15ರೊಳಗೆ ತಿಳಿಸುತ್ತೇನೆ’ ಅಂತ ಮರ್ಯಾದೆಯಿಂದ ಬರೆದು ಸುಮ್ನೆ ಇರಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಇನ್ನು ಆರ್‌ಎ. ಆ ಸಂಬಳ ಡಿಪಾರ್ಟ್‌ಮೆಂಟಿನ ಜೇಬಿನಿಂದ ಬರುವುದಲ್ಲ, ಪ್ರೊಫೆಸರ್‌ಗೆ ಸಂಶೋಧನೆಗೆ ಅಂತ ಸಿಕ್ಕಿರುವ ಹಣ, ಅಂದರೆ ಗ್ರಾಂಟಿನಿಂದ ಬರುತ್ತದೆ. ಗ್ರಾಂಟು ಅಂದರೆ ಮೂರೋ ನಾಲ್ಕೋ ವರ್ಷದ್ದು, ನೀವು ಸೇರುವ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು. ನನ್ನದೇ ಕತೆ ಕೇಳಿ. ಮೂರನೇ ವರ್ಷದ ಏಪ್ರಿಲ್‌ನಲ್ಲಿ ಗೈಡ್ ರೂಮಿಗೆ ಕರೆದು, ಬಾಗಿಲು ಹಾಕಿ, ರಿನ್ಯೂವಲ್ ಬರಲಿಲ್ಲ, ಮೇ ನಂತರ ನಿನಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ ಅಂದರು. ಪಾಪ, ಅವರ ಮುಖವೂ ಬಿಳಚಿಕೊಂಡಿತ್ತು. ನನ್ನನ್ನು ಉಳಿಸಿದ್ದು ಆಫೀಸಿನಲ್ಲಿ ಕೂರುವ ಗ್ರಾಜುಯೇಟ್ ಕೋಆರ್ಡಿನೇಟರ್. ಬೇಸಿಗೆಗೆ ಗಂಟೆ ಲೆಕ್ಕದಲ್ಲಿ ಪೇಪರ್ ತಿದ್ದುವ ಕೆಲಸ ಹುಡುಕಿಕೊಟ್ಟರು, ಆಮೇಲೆ ಪಕ್ಕದ ಗಣಿತ ಡಿಪಾರ್ಟ್‌ಮೆಂಟಿನಲ್ಲಿ ಖಾಲಿ ಇದ್ದ ಒಂದು ಟಿಎ ಜಾಗಕ್ಕೆ ನನ್ನ ಹೆಸರು ಸೇರಿಸಿದರು. ಯಾವ ಬಾಗಿಲು ಎಲ್ಲಿ ತೆರೆದಿದೆ ಅಂತ ಪ್ರೊಫೆಸರ್‌ಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ಆರ್‌ಎ ಬೇಡ ಅಂತ ನಾನು ಹೇಳಲ್ಲ. ಒಂದೇ ಒಂದು ಪ್ರಶ್ನೆ ಕೇಳಿ: ಗ್ರಾಂಟ್ ನಿಂತರೆ ಡಿಪಾರ್ಟ್‌ಮೆಂಟ್ ನನಗೆ ಟಿಎ ಕೊಡುತ್ತದಾ? ಉತ್ತರ ಮೇಲ್‌ನಲ್ಲೇ ಬರಬೇಕು. ಫೋನಲ್ಲಿ ‘ನೋಡೋಣ, ಏನೂ ಯೋಚನೆ ಮಾಡಬೇಡಿ’ ಅಂದರೆ ಅದು ಲೆಕ್ಕಕ್ಕಿಲ್ಲ.

ಕೆಂಪು ಪೆನ್ನು

ಟಿಎ ಪರವಾಗಿ ಎಲ್ಲರೂ ಹೇಳುತ್ತಾರೆ, ಅದು ಹೇಗಿರುತ್ತದೆ ಅಂತಲೂ ಗೊತ್ತಿರಲಿ. ಕಾಗದದ ಮೇಲೆ ವಾರಕ್ಕೆ 20 ಗಂಟೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಕೆಲಸದ ಮಿತಿಯೂ ಅಷ್ಟೇ, ಅದರ ಮೇಲೆ ಇನ್ನೊಂದು ಸಣ್ಣ ಕೆಲಸ ಹಿಡಿಯುವ ಹಾಗಿಲ್ಲ. ರಜೆಯಲ್ಲಿ ಮಾತ್ರ ಪೂರ್ತಿ ಸಮಯ ಮಾಡಬಹುದು. ಆದರೆ ಮಿಡ್‌ಟರ್ಮ್ ವಾರದಲ್ಲಿ ಆ 20 ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಕೇಳಬೇಡಿ. ಒಂದು ರಾತ್ರಿ ಲೋಲಕದ ಪ್ರಯೋಗದ ರಿಪೋರ್ಟ್ ತಿದ್ದುತ್ತಿದ್ದೆ, 9.8 ಇರಬೇಕಾದ ಗುರುತ್ವವನ್ನು 98 ಅಂತ ಬರೆದದ್ದು ಒಬ್ಬರಲ್ಲ, ಸಾಲಾಗಿ ಏಳು ಜನ. ಒಬ್ಬರ ದಶಮಾಂಶ ಬಿಂದು ಜಾರಿದೆ, ಉಳಿದ ಆರು ಜನ ನೋಡಿ ಇಳಿಸಿದ್ದಾರೆ. ಕಾಪಿ ಅಂತ ದೂರು ಕೊಡಬೇಕಾ, ಬರೀ ಅಂಕ ಕಡಿಯಬೇಕಾ ಅಂತ ಯೋಚಿಸುವುದರಲ್ಲೇ ಒಂದು ಗಂಟೆ ಹೋಯಿತು. ಆ ಗಂಟೆಗೆ ಸಂಬಳ ಇಲ್ಲ ಬಿಡಿ.

ಇನ್ನೊಂದು, ಎಷ್ಟೋ ಕಡೆ ಹೊರದೇಶದವರಿಗೆ ಟಿಎ ಕೊಡುವ ಮೊದಲು ಇಂಗ್ಲಿಷ್ ಮಾತಾಡುವ ಪರೀಕ್ಷೆ ಇಡುತ್ತಾರೆ. ನಿಮ್ಮ ಗ್ಯಾರಂಟಿಗೆ ಆ ಷರತ್ತು ಇದೆಯಾ ನೋಡಿ.

ಎರಡೂ ಲೆಟರ್‌ನಲ್ಲಿ ಟ್ಯೂಷನ್ (ಪಾಠದ ಶುಲ್ಕ) ಮಾಫಿ ಅಂತ ಇರುತ್ತದೆ, ನೋಡಿ ಖುಷಿಯಾಗುತ್ತದೆ. ಆದರೆ ಟ್ಯೂಷನ್ ಬೇರೆ, ಫೀ ಬೇರೆ. ಹೆಲ್ತ್ ಫೀ, ಟೆಕ್ನಾಲಜಿ ಫೀ, ಅದು ಇದು ಅಂತ ಸೆಮಿಸ್ಟರ್ ಶುರುವಿನಲ್ಲೇ ಬಿಲ್ ಬರಬಹುದು. ಇನ್ಶೂರೆನ್ಸ್ ಪೂರ್ತಿ ಕೊಡುತ್ತಾರಾ, ಅರ್ಧವಾ? ಮೊದಲ ಸಂಬಳ ಯಾವಾಗ? ಕೆಲಸ ಆಗಸ್ಟ್‌ನಲ್ಲಿ ಶುರುವಾಗಿ ಹಣ ಸೆಪ್ಟೆಂಬರ್ ಕೊನೆಗೆ ಬಂದರೆ ಆ ನಡುವಿನ ಖರ್ಚು ನಿಮ್ಮ ಕೈಯಿಂದಲೇ ಅಲ್ವಾ.

ಲ್ಯಾಬ್ ಇಲಿ

ಮೇಲಿನವರ ಜೊತೆ ಅರ್ಧ ಜಗಳ ಇದೆ. ಆರ್‌ಎಯಲ್ಲಿ ಸಂಬಳಕ್ಕೆ ಮಾಡುವ ಕೆಲಸವೇ ಥೀಸಿಸ್ ಆಗುತ್ತದೆ. ಐದು ವರ್ಷ ಬರೀ ಟಿಎ ಮಾಡಿದವರು ಆರು, ಏಳು ವರ್ಷ ಎಳೆದದ್ದನ್ನು ಕಣ್ಣಾರೆ ನೋಡಿದ್ದೇನೆ, ಅದರ ಖರ್ಚನ್ನು ಯಾರೂ ಲೆಕ್ಕ ಹಾಕಲ್ಲ. ಆದರೆ ಇಡೀ ಆಫರ್ ಒಬ್ಬ ಪ್ರೊಫೆಸರ್ ಮೇಲೆ ನಿಂತಿದ್ದರೆ, ಅವರ ಜೊತೆ ಸರಿಹೋಗದಿದ್ದಾಗ ಲ್ಯಾಬ್ ಬದಲಿಸುವುದೂ ಕಷ್ಟ. ಅವರ ಈಗಿನ ವಿದ್ಯಾರ್ಥಿಗಳಿಗೆ ಮೇಲ್ ಹಾಕಿ, ಹಳೆಯವರಿಗೂ ಹಾಕಿ. ಹಳೆಯವರು ಜಾಸ್ತಿ ಬಾಯಿ ಬಿಡುತ್ತಾರೆ.

ಫೆಲೋಶಿಪ್ ನಂಬಿಕೊಂಡು ಕೂರಬೇಡಿ. ಎಲ್ಲರೂ ಹೆಸರು ಹೇಳುವ, ಅಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್‌ನ ಜಿಆರ್‌ಎಫ್‌ಪಿ ಅನ್ನುವ ಫೆಲೋಶಿಪ್‌ಗೆ ನಾವು ಅರ್ಜಿ ಹಾಕುವ ಹಾಗೇ ಇಲ್ಲ, ಅಲ್ಲಿನ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಟ್ರೈನಿಂಗ್ ಗ್ರಾಂಟ್‌ಗಳೂ ಹಾಗೇ. ನಮಗೆ ಸಿಗುವುದು ಯೂನಿವರ್ಸಿಟಿ ತಾನೇ ಕೊಡುವಂಥವು, ಉದಾಹರಣೆಗೆ ಕೊನೆಯ ವರ್ಷ ಥೀಸಿಸ್ ಬರೆಯಲು ಕೊಡುವ ಫೆಲೋಶಿಪ್.

ಏಪ್ರಿಲ್ ಜ್ವರ

ತೆರಿಗೆಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬಂದೆ. ಟಿಎ, ಆರ್‌ಎ ಎರಡೂ ಸಂಬಳ, ಅದಕ್ಕೆ ಡಬ್ಲ್ಯೂ-2 ಅನ್ನುವ ತೆರಿಗೆ ಫಾರ್ಮ್ ಬರುತ್ತದೆ. ಕೆಲಸ ಇಲ್ಲದೆ ಕೊಡುವ ಫೆಲೋಶಿಪ್‌ಗೆ 1042-ಎಸ್ ಅನ್ನುವ ಬೇರೆ ಫಾರ್ಮ್, ಅದರಲ್ಲಿ ತೆರಿಗೆ ಅಂತ ಸಾಮಾನ್ಯವಾಗಿ 14% ಮೊದಲೇ ಹಿಡಿಯುತ್ತಾರೆ. ಎಫ್-1ನಲ್ಲಿ ಮೊದಲ 5 ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ (ಅಲ್ಲಿನ ಪಿಂಚಣಿ, ಹಿರಿಯರ ಆರೋಗ್ಯ ವಿಮೆ) ಅಂತ ಹಿಡಿಯುವ 7.65% ಕಡಿತ ಇರಬಾರದು. ನನಗೆ ಎರಡು ತಿಂಗಳು ತಪ್ಪಾಗಿ ಹಿಡಿದಿದ್ದರು, ಪೇ ಸ್ಲಿಪ್ ಓದಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಹೋಯ್ತು ಅಂತಲೇ ಲೆಕ್ಕ. ಇನ್ನೊಂದು ಒಳ್ಳೆ ಸುದ್ದಿ, ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿ ಅಲ್ಲದವರಿಗೆ (ನಾನ್ ರೆಸಿಡೆಂಟ್) ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ತೆರಿಗೆ ಇಲ್ಲದೆ ಕಳೆಯುವ ನಿಗದಿತ ಮೊತ್ತ, ಸಾಮಾನ್ಯವಾಗಿ ಸಿಗುವುದಿಲ್ಲ, ಆದರೆ ಭಾರತದ ಜೊತೆಗಿನ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸಿಗುತ್ತದೆ. 1040-ಎನ್‌ಆರ್ ಅನ್ನುವ ರಿಟರ್ನ್ ತುಂಬುವಾಗ ಇದನ್ನು ಬಿಟ್ಟವರು ಎಷ್ಟೋ ಜನ.

ಮಾಸ್ಟರ್ಸ್ ಬಡಪಾಯಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಎಂಎಸ್ ಮಾಡುವವರಿಗೆ ಇದರಲ್ಲಿ ಏನಾದರೂ ಸಿಗುತ್ತಾ?

ಆರನೇ ವರ್ಷದವ

ಸಿಗುವುದು ಕಷ್ಟ. ಪಿಎಚ್‌ಡಿಯವರಿಗೆ ಕೊಟ್ಟು ಉಳಿದರೆ ಪೇಪರ್ ತಿದ್ದುವ ಕೆಲಸ, ಲೈಬ್ರರಿ, ಲ್ಯಾಬಿನಲ್ಲಿ ಗಂಟೆ ಲೆಕ್ಕದ ಕೆಲಸ. ಟ್ಯೂಷನ್ ಮಾಫಿ ಅದರ ಜೊತೆ ಬರುವುದು ಅಪರೂಪ. ಹೊರಡುವ ಮೊದಲೇ ಜೆ.ಎನ್. ಟಾಟಾ ಎಂಡೋಮೆಂಟ್‌ಗೆ ಅರ್ಜಿ ಹಾಕಿ. 1892ರಿಂದ ಕೊಡುತ್ತಾ ಬಂದಿದ್ದಾರೆ, ಆದರೆ ಅದು ಲೋನ್ ಸ್ಕಾಲರ್‌ಶಿಪ್, ವಾಪಸ್ ಕಟ್ಟಬೇಕು.

ಗೊಂದಲಪುರ

ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ ನೋಡಿದೆ, ಎರಡೂ ಯೂನಿವರ್ಸಿಟಿ ಇವೆ. ಏಪ್ರಿಲ್ 15 ಅಂತ ಬರೆದೆ, ಒಂದೇ ಗಂಟೆಯಲ್ಲಿ ‘ಖಂಡಿತ’ ಅಂತ ಉತ್ತರ ಬಂತು. ಐದು ದಿನ ಅಂದಿದ್ದೂ ಅದೇ ಮನುಷ್ಯ! ಗ್ರಾಂಟ್ ನಿಂತರೆ ಏನು ಅನ್ನುವ ಪ್ರಶ್ನೆಯನ್ನು ಪ್ರೊಫೆಸರ್ ಬಿಟ್ಟು ಕೋಆರ್ಡಿನೇಟರ್‌ಗೆ ಕಳಿಸಿದೆ. ಎರಡನೇ ವರ್ಷದ ಕೊನೆಯವರೆಗೆ ಟಿಎ ಕೊಡುತ್ತೇವೆ, ಆಮೇಲಿನದ್ದನ್ನು ಬರೆದುಕೊಡಲು ಆಗಲ್ಲ ಅಂದರು. ನೇರವಾಗಿ ಹೇಳಿದ್ದು ಇಷ್ಟವಾಯಿತು, ಆದರೆ ಉಳಿದ ಮೂರು ವರ್ಷ ನನ್ನ ತಲೆ ಮೇಲೆ ಬಂತಲ್ಲ. ಮನಸ್ಸು ಟಿಎ ಕಡೆ ವಾಲುತ್ತಿದೆ. ಬೇಸಿಗೆಯ ಮೂರು ತಿಂಗಳಿಗೆ ಏನು ಮಾಡುತ್ತಾರೆ ಅಂತ ಇವತ್ತು ಆ ಡಿಪಾರ್ಟ್‌ಮೆಂಟಿನ ಇಬ್ಬರು ವಿದ್ಯಾರ್ಥಿಗಳಿಗೆ ಬರೆದಿದ್ದೇನೆ, ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.