ಹಳೆಯ ಆರೋಪವಿರುವ ನಾಯಕರನ್ನು ಊರಿನ ವೇದಿಕೆಗೆ ಕರೆಯಬೇಕೇ?

ಪ್ರಶ್ನೆ: ಯುವಕ ಮಂಡಳದ ಕಾರ್ಯದರ್ಶಿ, ಕಾರವಾರ ತಾಲೂಕು

ಮಾನ್ಯರೇ,

ನಮ್ಮ ಊರಿನ ಯುವಕ ಮಂಡಳಕ್ಕೆ ಈ ವರ್ಷ ಇಪ್ಪತ್ತೈದು ತುಂಬುತ್ತಿದೆ. ಬೆಳ್ಳಿಹಬ್ಬದ ಆಮಂತ್ರಣ ಪತ್ರಿಕೆಯ ಕರಡು ಸಿದ್ಧವಾಗಿದ್ದು, ಉದ್ಘಾಟಕರ ಸ್ಥಾನದಲ್ಲಿ ಹಿಂದೆ ಪಂಚಾಯತ ರಾಜಕೀಯದಲ್ಲಿ ಹೆಸರು ಮಾಡಿದ್ದ ಹಿರಿಯರೊಬ್ಬರ ಹೆಸರಿದೆ. ಅದೇ ದಿನ ಅವರನ್ನು ಸನ್ಮಾನಿಸಬೇಕೆಂದೂ ಠರಾವಾಗಿದೆ. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಿದಿರಿನ ಕೈತಾಂಗು ಹಿಡಿದು ಹಳ್ಳ ದಾಟುತ್ತಿದ್ದ ನಮ್ಮೂರಿನ ಮಕ್ಕಳಿಗೆ ಸಿಮೆಂಟಿನ ಸೇತುವೆ ಬಂದದ್ದು ಅವರ ಓಡಾಟದಿಂದಲೇ. ಆ ಸಂಕದ ಮೇಲೆ ನಾನೂ ನಡೆದವನು, ಆದ್ದರಿಂದ ಆ ಉಪಕಾರ ನನಗೆ ಮರೆಯುವಂಥದ್ದಲ್ಲ.

ಕಳೆದ ತಿಂಗಳು ಮಹಿಳೆಯೊಬ್ಬರು, ಇಪ್ಪತ್ತು ವರ್ಷಗಳ ಹಿಂದೆ ತಾವು ಇವರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದಾಗ ಒಂದು ಸಂಜೆ ಇವರು ತಮ್ಮ ಕೈ ಹಿಡಿದು ಎಳೆದರೆಂದೂ, ಮರುದಿನದಿಂದಲೇ ಕೆಲಸ ಬಿಟ್ಟೆನೆಂದೂ ತಮ್ಮ ಹೆಸರು ಹಾಕಿಯೇ ಬರೆದುಕೊಂಡಿದ್ದಾರೆ. ಆ ಹಿರಿಯರು ‘ಆಗದವರ ಪಿತೂರಿ’ ಎಂಬ ಎರಡು ಮಾತು ಹೇಳಿ ಸುಮ್ಮನಾಗಿದ್ದಾರೆ. ಪೊಲೀಸ್ ದೂರಿಲ್ಲ, ಪ್ರಕರಣವಿಲ್ಲ. ನಮ್ಮ ಸಮಿತಿಯ ಹೆಚ್ಚಿನವರು, ಕೋರ್ಟಿನಲ್ಲಿ ಸಾಬೀತಾಗದ, ಅದೂ ಖಾಸಗಿ ಬದುಕಿನ ವಿಷಯಕ್ಕೂ ಊರಿಗೆ ಮಾಡಿದ ಕೆಲಸಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ನನಗೆ ಸಮಾಧಾನವಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ವಕೀಲ, ಅಂಕೋಲಾ

ಕಾರ್ಯದರ್ಶಿಗಳೇ, ‘ಪ್ರಕರಣವೇ ಇಲ್ಲವಲ್ಲ’ ಎಂಬ ಮಾತನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ ಸಮಿತಿಯ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಇಪ್ಪತ್ತು ವರ್ಷಗಳ ಹಿಂದೆ ಇಂಥ ಕೃತ್ಯಕ್ಕೆ ಅನ್ವಯಿಸುತ್ತಿದ್ದುದು ಭಾರತೀಯ ದಂಡ ಸಂಹಿತೆಯ 354ನೆಯ ಕಲಂ. 2013ರ ತಿದ್ದುಪಡಿಗೆ ಮೊದಲು ಅದರ ಗರಿಷ್ಠ ಶಿಕ್ಷೆ ಎರಡು ವರ್ಷ. ಅಷ್ಟು ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ದಂಡ ಪ್ರಕ್ರಿಯಾ ಸಂಹಿತೆಯ 468ನೆಯ ಕಲಂ ಮೂರು ವರ್ಷಗಳ ಕಾಲಮಿತಿ ಹಾಕಿತ್ತು. ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆಯಾದರೂ ಇಷ್ಟು ವರ್ಷಗಳ ಮೇಲೆ ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ಅಂದರೆ ಆ ಮಹಿಳೆ ಇಂದು ಠಾಣೆಯ ಮೆಟ್ಟಿಲು ಹತ್ತಿದರೂ ಪ್ರಕರಣ ಮುಂದೆ ಹೋಗುವ ಸಂಭವ ಕಡಿಮೆ. ಕಾನೂನಿನ ಬಾಗಿಲು ಮುಚ್ಚಿಹೋದ ಮೇಲೆ ‘ಬಾಗಿಲಿನ ಮೂಲಕ ಏಕೆ ಬರಲಿಲ್ಲ’ ಎಂದು ಕೇಳುವುದು ನ್ಯಾಯವಲ್ಲ.

ಇನ್ನು ಚುನಾವಣಾ ಕಾನೂನು. 1951ರ ಜನಪ್ರತಿನಿಧಿ ಕಾಯ್ದೆಯ 8ನೆಯ ಕಲಮಿನ ಪ್ರಕಾರ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸದ ಶಿಕ್ಷೆಯಾದವರು ಸ್ಪರ್ಧಿಸುವಂತಿಲ್ಲ. ಅದು ಕುರ್ಚಿಯಲ್ಲಿ ಕೂರುವ ಅರ್ಹತೆಗೆ ಎಳೆದ ಗೆರೆ, ಗೌರವಕ್ಕೆ ಎಳೆದದ್ದಲ್ಲ. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭ್ಯರ್ಥಿಯ ಹಿನ್ನೆಲೆಯನ್ನು ತಿಳಿಯುವುದು ಮತದಾರನ ಹಕ್ಕು ಎಂದದ್ದರಿಂದಲೇ ನಾಮಪತ್ರದೊಂದಿಗೆ ಪ್ರಮಾಣಪತ್ರ (ಅಫಿಡವಿಟ್) ಕೊಡುವ ಪದ್ಧತಿ ಬಂದದ್ದು. ಶಿಕ್ಷೆಯಾಗದ, ಇನ್ನೂ ವಿಚಾರಣೆಯಲ್ಲಿರುವ ಪ್ರಕರಣಗಳನ್ನೂ ಅದರಲ್ಲಿ ಬರೆಯಬೇಕಾಗುತ್ತದೆ. ಸಾಬೀತಾಗುವ ಮೊದಲೂ ಜನ ತೂಗಿ ನೋಡಬಹುದು ಎಂಬುದನ್ನು ಕಾನೂನೇ ಒಪ್ಪಿದೆ ಎಂದಾಯಿತು.

ಸನ್ಮಾನವು ಯಾರ ಹಕ್ಕೂ ಅಲ್ಲ. ಅದನ್ನು ಕೊಡದಿದ್ದರೆ ಯಾರಿಗೂ ಶಿಕ್ಷೆ ಆದಂತಾಗುವುದಿಲ್ಲ.

ಉತ್ತರ 2: ಕುಮಟಾದಿಂದ

ವಕೀಲರ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕೆನಿಸುತ್ತದೆ. ಗ್ರಾಮ ಪಂಚಾಯತ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಹೀಗಾಗಿ ಮಾತೆಲ್ಲ ವ್ಯಕ್ತಿಯ ನಡತೆಯ ಮೇಲೆಯೇ ತಿರುಗುತ್ತದೆ. ನನ್ನ ತಂದೆಯವರು ಒಮ್ಮೆ ನಿಂತಾಗ, ವಿಧವೆಯಾಗಿದ್ದ ನಮ್ಮ ಪಕ್ಕದ ಮನೆಯ ಅಕ್ಕನಿಗೆ ಪಡಿತರ ಚೀಟಿ ಮಾಡಿಸಿಕೊಟ್ಟದ್ದನ್ನೇ ಹಿಡಿದು, ಮತದಾನಕ್ಕೆ ಮೂರು ದಿನ ಇರುವಾಗ ಹೆಸರಿಲ್ಲದ ಕರಪತ್ರ ಹಂಚಿದರು. ತಂದೆ ಸೋತರು, ಅದಕ್ಕಿಂತ ಹೆಚ್ಚಾಗಿ, ಆ ಅಕ್ಕ ನಮ್ಮ ಅಂಗಳಕ್ಕೆ ಬರುವುದನ್ನೇ ಬಿಟ್ಟಳು. ಯಾರು ಯಾರನ್ನು ಮದುವೆಯಾದರು, ಯಾರ ಸಂಸಾರ ಮುರಿಯಿತು, ಯಾರ ಮನೆಗೆ ಯಾರು ಹೋಗಿಬಂದರು ಎಂಬುದನ್ನೆಲ್ಲ ‘ನಡತೆ’ ಎಂಬ ಹೆಸರಿನಲ್ಲಿ ಅಳೆಯಹೊರಟರೆ ಮೊದಲು ಸುಡುವುದು ಹೆಣ್ಣುಮಕ್ಕಳ ಬದುಕೇ.

ಉತ್ತರ 3: ನಿವೃತ್ತ ಶಿಕ್ಷಕಿ, ಶಿರಸಿ

ಕುಮಟಾದವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಅವರು ಹೇಳಿದ ಕರಪತ್ರಕ್ಕೂ ಈ ಬರಹಕ್ಕೂ ಇರುವ ಅಂತರವನ್ನು ಅವರೇ ಗಮನಿಸಲಿ. ಕರಪತ್ರದಲ್ಲಿ ಬರೆದವರ ಹೆಸರಿರಲಿಲ್ಲ, ಯಾರಿಗೆ ಅನ್ಯಾಯವಾಯಿತೆಂಬ ಮಾತೂ ಇರಲಿಲ್ಲ. ಇಲ್ಲಿ ಒಬ್ಬ ಹೆಣ್ಣುಮಗಳು ತನ್ನ ಹೆಸರು ಹೇಳಿ, ತನಗೇ ಆದದ್ದನ್ನು ಬರೆದಿದ್ದಾಳೆ. ಇಬ್ಬರು ವಯಸ್ಕರು ಒಪ್ಪಿ ನಡೆಸಿದ ಬದುಕು ಅವರ ಖಾಸಗಿ ವಿಷಯ. ಸಂಬಳ ಕೊಡುವವನು ಸಂಬಳ ಪಡೆಯುವವಳ ಕೈ ಎಳೆದದ್ದು ಖಾಸಗಿಯಲ್ಲ. ಹಾಗೆ ನಡೆದದ್ದೇ ಹೌದಾದರೆ, ಸೇತುವೆ ಮಾಡಿಸಿದ ಅಧಿಕಾರವೂ ಆ ಕೈಯಲ್ಲಿದ್ದ ಅಧಿಕಾರವೂ ಒಂದೇ.

ಇಪ್ಪತ್ತು ವರ್ಷ ಏಕೆ ಸುಮ್ಮನಿದ್ದಳು ಎಂದು ಕೇಳುತ್ತಾರೆ. ಘಟ್ಟದ ಒಳಗಿನ ಒಂದು ಶಾಲೆಯಲ್ಲಿ ನಾನು ಹೊಸದಾಗಿ ಸೇರಿದ್ದ ವರ್ಷ, ನನ್ನ ಜೊತೆಗಿದ್ದ ಅಕ್ಕೋರೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಕುಳಿತು, ಊರಿನ ದೊಡ್ಡವರೊಬ್ಬರು ತಮ್ಮೊಡನೆ ಹೇಗೆ ನಡೆದುಕೊಂಡರೆಂದು ನನಗೆ ಹೇಳಿದ್ದರು. ಹೇಳುವಾಗ ಬುತ್ತಿಯ ಬಟ್ಟೆಯ ಗಂಟನ್ನು ಬಿಚ್ಚುವುದು, ಮತ್ತೆ ಕಟ್ಟುವುದು, ಹೀಗೇ ಮಾಡುತ್ತಿದ್ದರು. ಯಾರ ಹತ್ತಿರ ಹೇಳುವುದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗಾಗುವ ಲೈಂಗಿಕ ಕಿರುಕುಳದ ಬಗ್ಗೆ ಸರ್ವೋಚ್ಚ ನ್ಯಾಯಾಲಯ ಕೊಟ್ಟ ವಿಶಾಖಾ ತೀರ್ಪು ಆಗ ಬಂದಿರಲಿಲ್ಲ. ಅದು ಬಂದದ್ದು 1997ರಲ್ಲಿ, ಅದೇ ವಿಷಯದ ಕಾಯ್ದೆ ಬಂದದ್ದು 2013ರಲ್ಲಿ. ಅವರು ವರ್ಗ ಮಾಡಿಸಿಕೊಂಡು ಹೋದರು. ಆ ದೊಡ್ಡವರು ನಮ್ಮ ಶಾಲೆಯ ವಾರ್ಷಿಕೋತ್ಸವದ ಅಧ್ಯಕ್ಷತೆಯನ್ನು ವರ್ಷವರ್ಷವೂ ವಹಿಸಿದರು, ಅವರಿಗೆ ಹಾರ ಹಾಕಲು ಹುಡುಗಿಯರನ್ನು ಸಾಲಿನಲ್ಲಿ ನಿಲ್ಲಿಸಿದವಳು ನಾನು. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ.

ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದ ಎಂ. ಜೆ. ಅಕ್ಬರ್ ಅವರು ತಮ್ಮ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಾನಿಯವರ ವಿರುದ್ಧ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ, 2021ರ ಫೆಬ್ರುವರಿಯಲ್ಲಿ ದೆಹಲಿಯ ನ್ಯಾಯಾಲಯವು ರಮಾನಿಯವರನ್ನು ಖುಲಾಸೆ ಮಾಡಿತು. ಆರೋಪ ಎರಡು ದಶಕಗಳಿಗೂ ಹಿಂದಿನದು. ದಶಕಗಳ ನಂತರವೂ, ತಾನು ಆರಿಸಿಕೊಂಡ ವೇದಿಕೆಯಲ್ಲಿ ತನ್ನ ದೂರನ್ನು ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂದು ಆ ತೀರ್ಪು ಹೇಳಿದೆ. ಅದರ ಮೇಲೆ ಮೇಲ್ಮನವಿ ಸಲ್ಲಿಕೆಯಾಗಿದೆ ಎಂಬುದನ್ನೂ ಹೇಳಬೇಕು. ಅಕ್ಬರ್ ಅವರು 2018ರ ಅಕ್ಟೋಬರಿನಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದು ಯಾವ ತೀರ್ಪಿಗೂ ಮೊದಲೇ. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟದ್ದೂ ದೂರವಾಣಿ ಕದ್ದಾಲಿಕೆಯ ಆರೋಪ ಎದ್ದಾಗ, ನ್ಯಾಯಾಲಯದ ತೀರ್ಪಿನಿಂದಲ್ಲ. ಅದು ಬೇರೆಯೇ ಸ್ವರೂಪದ ಆರೋಪ, ಆದರೂ ಸಾರ್ವಜನಿಕ ಬದುಕಿನಲ್ಲಿರುವವರು ಕೋರ್ಟಿನ ಆದೇಶಕ್ಕಾಗಿ ಕಾಯಲೇಬೇಕೆಂಬ ನಿಯಮ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಎಲ್ಲಿಂದ ಬಂತೆಂದು ನನಗೆ ತಿಳಿಯದು.

ಆ ಹಿರಿಯರು ತಪ್ಪಿತಸ್ಥರೆಂದು ನಾನು ಹೇಳುತ್ತಿಲ್ಲ, ಹೇಳಲು ನನಗೆ ಆಧಾರವಿಲ್ಲ. ಆದರೆ ಅವರು ಕೊಟ್ಟ ಉತ್ತರ ಎರಡೇ ಮಾತು. ಆ ಕಾಲದಲ್ಲಿ ಈಕೆ ತಮ್ಮಲ್ಲಿ ಕೆಲಸಕ್ಕಿದ್ದಳೇ, ಏಕೆ ಬಿಟ್ಟಳು ಎಂಬುದಕ್ಕಾದರೂ ಉತ್ತರ ಬೇಡವೇ? ನಿಮ್ಮ ಮಂಡಳ ಅವರಿಗೆ ಮೊದಲು ಒಂದು ಪತ್ರ ಬರೆದು ಕೇಳಲಿ.

ಪ್ರಶ್ನೆ ಕೇಳಿದವರಿಂದ

ಅಕ್ಕೋರೇ, ವಕೀಲರೇ, ಕುಮಟಾದ ಮಿತ್ರರೇ, ತಮ್ಮೆಲ್ಲರಿಗೂ ಕೃತಜ್ಞ. ನಿನ್ನೆ ರಾತ್ರಿ ತಮ್ಮ ಉತ್ತರಗಳನ್ನು ಸಮಿತಿಯ ಸಭೆಯಲ್ಲಿ ಓದಿ ಹೇಳಿದೆ. ಸೇತುವೆಯ ಉಪಕಾರ ಮರೆತೆಯಾ ಎಂದು ಇಬ್ಬರು ಸಿಟ್ಟಾದರು. ಅಲ್ಲಿಯವರೆಗೆ ಏನೂ ಮಾತಾಡದೆ ಲೆಕ್ಕದ ಪುಸ್ತಕ ನೋಡುತ್ತಿದ್ದ ನಮ್ಮ ಖಜಾಂಚಿ, ಉದ್ಘಾಟನೆಯ ದಿನ ಪೂರ್ಣಕುಂಭ ಹಿಡಿಯುವವಳು ತನ್ನ ಮಗಳೆಂದೂ, ಉತ್ತರ ಬರುವವರೆಗೆ ಅವಳನ್ನು ಕಳುಹಿಸುವುದಿಲ್ಲವೆಂದೂ ಹೇಳಿದರು. ಆಮೇಲೆ ಹೆಚ್ಚು ಚರ್ಚೆ ನಡೆಯಲಿಲ್ಲ. ಪತ್ರವನ್ನು ಇಂದು ಬೆಳಿಗ್ಗೆ ನಾನೇ ಅವರ ಮನೆಗೆ ಹೋಗಿ ಕೊಟ್ಟು ಬಂದಿದ್ದೇನೆ. ಆಮಂತ್ರಣದ ಕರಡನ್ನು ತಡೆಹಿಡಿಯುವಂತೆ ಕಾರವಾರದ ಮುದ್ರಣಾಲಯಕ್ಕೂ ತಿಳಿಸಿದ್ದೇನೆ.