ರೋಡ್ ಬೈಕ್‌ಗೆ ಟ್ಯೂಬ್‌ಲೆಸ್ ಹಾಕಿಸಲೋ ಬೇಡವೋ? ಓಡಿಸಿದವರು ಹೇಳಿ

ನವನಗರ, ಹುಬ್ಬಳ್ಳಿ:
ನನ್ನದು 25 ಎಂಎಂ ಟೈರಿನ ರೋಡ್ ಬೈಕ್, ಅಂದರೆ ತೆಳು ಟೈರಿನ ಸೈಕಲ್. ವಾರದ ದಿನ ಧಾರವಾಡದ ತನಕ, ಭಾನುವಾರ ಅಣ್ಣಿಗೇರಿ, ಗದಗ ಕಡೆ. ಮಳೆಗಾಲ ಮುಗಿದರೆ ಸಾಕು, ಮುಳ್ಳಿನ ಕಾಟ ಶುರು. ಟ್ಯೂಬ್ ಬದಲಿಸಿ ಬದಲಿಸಿ ಸಾಕಾಗಿದೆ. ಟ್ಯೂಬ್‌ಲೆಸ್ ಮಾಡಿಸು ಅಂತ ಗೆಳೆಯರು ಹೇಳುತ್ತಾರೆ. ಈಗಿರುವ ಗಾಲಿಗೇ ಆಗುತ್ತಾ? ಮನೆಯಲ್ಲೇ ಹಾಕಿಕೊಳ್ಳಬಹುದಾ? ನಡುದಾರಿಯಲ್ಲಿ ಕೈಕೊಟ್ಟರೆ ಏನು ಗತಿ?

ಗದಗ:
ಹಾಕಿಸಿ. ನಾನು ಓಡಿಸುವುದು ಡಂಬಳ, ಮುಂಡರಗಿ ರಸ್ತೆಯಲ್ಲೇ ಜಾಸ್ತಿ. ಇಲ್ಲಿ ಜಾಲಿ ಮುಳ್ಳೂ ಇದೆ, ನೆಗ್ಗಿಲು ಮುಳ್ಳೂ ಇದೆ. ಜಾಲಿ ಉದ್ದಕ್ಕಿರುತ್ತದೆ, ನೋಡಿ ತಪ್ಪಿಸಬಹುದು. ನೆಗ್ಗಿಲು ಹಾಗಲ್ಲ. ರಸ್ತೆ ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದಲ್ಲ, ಹಳದಿ ಹೂವಿನದು, ಅದೇ. ಕಾಯಿ ಒಣಗಿದರೆ ಹೋಳಾಗಿ ಉದುರುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಎದ್ದಿರುತ್ತದೆ. ಲಾರಿಗೆ ದಾರಿ ಬಿಡಲು ಅಂಚಿಗೆ ಇಳಿದರೆ ಮುಗೀತು.

ಟ್ಯೂಬ್‌ಲೆಸ್ ಇಂಥ ಸಣ್ಣ ತೂತಿಗೇ ಹೇಳಿ ಮಾಡಿಸಿದ್ದು. ಟೈರಿನೊಳಗೆ ಹಾಕುವ ಸೀಲಂಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲು. ತೂತಿನಿಂದ ಹವಾ ಹೊರಗೆ ನುಗ್ಗುವಾಗ ಅದೂ ಜೊತೆಗೆ ಬಂದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಚುಸ್ ಅಂತ ಸದ್ದು, ಮೀನಖಂಡಕ್ಕೆ ಒಂದಿಷ್ಟು ಬಿಳಿ ಹನಿ, ಮತ್ತೆ ಸುಮ್ಮನಾಗುತ್ತದೆ. ಸದ್ದು ನಿಲ್ಲದಿದ್ದರೆ ಇಳಿದು ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಸ್ವಲ್ಪ ಹೊತ್ತು ನಿಲ್ಲಿಸಿ. ಹವಾ ಜೋರಾಗಿದ್ದಷ್ಟೂ ಸೀಲಂಟ್ ಕೂರುವುದು ಕಷ್ಟ, ಹಾಗಾಗಿ ಒಂಚೂರು ಇಳಿದರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಪಂಪ್ ಹೊಡೆದರಾಯಿತು.

ಗಾಜಿನ ಚೂರು ಟೈರ್ ಸೀಳಿದರೆ ಮಾತ್ರ ಸೀಲಂಟ್ ಒಂದರಿಂದಲೇ ಆಗುವುದಿಲ್ಲ. ಅದನ್ನು ತಿಳಿದೇ ಹಾಕಿಸಿ.

ಸಪ್ತಾಪುರ, ಧಾರವಾಡ:
ಮೊದಲು ರಿಮ್ ನೋಡಿ. ಅದರ ಮೇಲೆ ‘ಟ್ಯೂಬ್‌ಲೆಸ್ ರೆಡಿ’ ಅಂತ ಬರೆದಿರಬೇಕು. ಬರೆದಿಲ್ಲ ಅಂದ್ರೆ ತಯಾರಕರ ವಿವರದಲ್ಲಿ ಹುಡುಕಿ. ಅಲ್ಲೂ ಇಲ್ಲದಿದ್ದರೆ ಆ ಗಾಲಿಗೆ ಬೇಡ. ಮಾಮೂಲಿ ರಿಮ್‌ಗೆ ಟೇಪ್ ಸುತ್ತಿ ಹೇಗೋ ಕೂರಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ರೋಡ್ ಬೈಕಿನ ಟೈರಿನಲ್ಲಿ ಹವಾ ಜೋರಾಗಿರುತ್ತದೆ. ಇಳಿಜಾರಿನಲ್ಲಿ ಟೈರ್ ರಿಮ್ ಬಿಟ್ಟು ಬಂದರೆ ಹಲ್ಲು ಉಳಿಯುವುದಿಲ್ಲ. ಟೈರೂ ಟ್ಯೂಬ್‌ಲೆಸ್‌ನದೇ ಆಗಬೇಕು, ಅದರ ಅಂಚು ಹಿಗ್ಗದ ಹಾಗೆ ಮಾಡಿರುತ್ತಾರೆ.

ಹೊಸ ಗಾಲಿ ಕೊಳ್ಳುವುದಾದರೆ ಅದು ಹುಕ್‌ಲೆಸ್ (ಟೈರ್ ಹಿಡಿಯುವ ಕೊಕ್ಕೆ ರಿಮ್ಮಿನ ಅಂಚಿನಲ್ಲಿ ಇಲ್ಲದ್ದು) ಹೌದೋ ಅಲ್ಲವೋ ಕೇಳಿ. ಹುಕ್‌ಲೆಸ್ ರಿಮ್‌ಗೆ 5 ಬಾರ್, ಅಂದರೆ 72.5 ಪಿಎಸ್‌ಐ ಮೇಲೆ ಹವಾ ಹಾಕುವಂತಿಲ್ಲ. ನನ್ನನ್ನು ಕೇಳಿದರೆ ಹುಕ್ ಇರುವ ರಿಮ್ ತಗೊಳ್ಳಿ, ಫ್ರೇಮಿನಲ್ಲಿ ಜಾಗ ಇದ್ದರೆ 28 ಎಂಎಂ ಟೈರ್ ಹಾಕಿ. 25ರ ಟ್ಯೂಬ್ ಟೈರಿಗೆ 90, 100 ಪಿಎಸ್‌ಐ ಹೊಡೆಯುತ್ತೀರಿ ಅಲ್ವಾ? 28ರ ಟ್ಯೂಬ್‌ಲೆಸ್‌ನಲ್ಲಿ 70 ಕೆಜಿ ತೂಕದವರಿಗೆ 65, 70 ಸಾಕು. ಡಾಂಬರು ಕಿತ್ತು ಜಲ್ಲಿ ಎದ್ದ ರಸ್ತೆಯಲ್ಲಿ ಇದರ ಸುಖ ಕೈಗೆ ಗೊತ್ತಾಗುತ್ತದೆ. ನನಗಂತೂ ಪಂಕ್ಚರ್‌ಗಿಂತ ಇದೇ ದೊಡ್ಡ ಲಾಭ.

ಮನೆಯಲ್ಲೇ ಹಾಕಬಹುದು. ಟೇಪ್ ಸುತ್ತುವುದೇ ಮುಖ್ಯ ಕೆಲಸ. ರಿಮ್ಮಿನ ಒಳಭಾಗವನ್ನು ಸ್ಪಿರಿಟ್ ಹಚ್ಚಿ ಒರೆಸಿ. ಜಿಡ್ಡು ಒಂಚೂರೂ ಇರಬಾರದು. ರಿಮ್ಮಿನ ಒಳ ಅಗಲಕ್ಕಿಂತ ಒಂದೆರಡು ಎಂಎಂ ಹೆಚ್ಚು ಅಗಲದ ಟೇಪ್ ತಗೊಂಡು ಬಿಗಿಯಾಗಿ ಎಳೆಯುತ್ತಾ ಸುತ್ತಿ, ಗುಳ್ಳೆ ಏಳದಂತೆ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಿ. ಆಮೇಲೆ ಟೈರ್ ಹಾಕಿ, ಒಳಗೆ ಟ್ಯೂಬ್ ಇಟ್ಟು ಹವಾ ತುಂಬಿ ಒಂದು ರಾತ್ರಿ ಬಿಡಿ. ಟೇಪ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಟೈರಿನ ಅಂಚೂ ಕೂರುತ್ತದೆ. ಬೆಳಿಗ್ಗೆ ಒಂದೇ ಬದಿ ಬಿಚ್ಚಿ ಟ್ಯೂಬ್ ತೆಗೆಯಿರಿ. ಟ್ಯೂಬ್‌ಲೆಸ್ ವಾಲ್ವ್ ಹಾಕಿ ಟೈರ್ ಮುಚ್ಚಿ. ಬಿಗಿ ಅನಿಸಿದರೆ ಎದುರು ಬದಿಯ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ತಳ್ಳಿ, ಇತ್ತ ಕಡೆ ಸಡಿಲ ಸಿಗುತ್ತದೆ.

ಅಂಚಿಗೆ ಸೋಪು ನೀರು ಹಚ್ಚಿ, ವಾಲ್ವಿನ ಕೋರ್, ಅಂದರೆ ಹವಾ ತಡೆಯುವ ಒಳಭಾಗ, ಬಿಚ್ಚಿ ಹವಾ ಕೊಡಿ. ಕೋರ್ ಇಲ್ಲದಿದ್ದರೆ ಹವಾ ಸಲೀಸಾಗಿ ನುಗ್ಗುತ್ತದೆ. ಫಟ್ ಫಟ್ ಅಂತ ಸದ್ದಾದರೆ ಹೆದರಬೇಡಿ, ಟೈರ್ ಕೂತಿತು ಅಂತ ಅರ್ಥ. ಕೈಪಂಪಿಗೆ ಬಗ್ಗದಿದ್ದರೆ ಪ್ರೆಸ್ಟಾ (ರೋಡ್ ಬೈಕಿನ ತೆಳು ವಾಲ್ವ್) ಅಡಾಪ್ಟರ್ ಹಿಡಿದು ಪಂಕ್ಚರ್ ಅಂಗಡಿಗೆ ಹೋಗಿ. ಅಡಾಪ್ಟರ್ ಕೂರುವುದು ಕೋರ್ ಇದ್ದಾಗ ಮಾತ್ರ, ಅದನ್ನು ಮತ್ತೆ ಹಾಕಿಕೊಂಡೇ ಹೋಗಿ. ಕಂಪ್ರೆಸರ್ ಮೀಟರ್ ಮೇಲೆ ಕಣ್ಣಿರಲಿ, ಟೈರ್ ಮತ್ತು ರಿಮ್ ಎರಡರ ಮಿತಿಯಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಿಸಬೇಡಿ. ಕೊನೆಗೆ ಸಿರಿಂಜಿನಲ್ಲಿ 40 ಎಂಎಲ್‌ನಷ್ಟು ಸೀಲಂಟ್ ಬಿಟ್ಟು ಕೋರ್ ಹಾಕಿ, ಹವಾ ತುಂಬಿ, ಗಾಲಿ ಕುಲುಕಿ ಒಂದು ಸುತ್ತು ಓಡಿಸಿ ಬನ್ನಿ. ಸುಮ್ನೆ ಮೂಲೆಯಲ್ಲಿ ನಿಲ್ಲಿಸಿದರೆ ಸೀಲಂಟ್ ತಳದಲ್ಲೇ ಇರುತ್ತದೆ.

ಹಾವೇರಿ:
ಎಲ್ಲರಿಗೂ ಟ್ಯೂಬ್‌ಲೆಸ್ ಅಂತ ಹೇಳುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸೀಲಂಟ್ ಒಣಗುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಇನ್ನೂ ಬೇಗ. ಎರಡು ಮೂರು ತಿಂಗಳಿಗೊಮ್ಮೆ ಕೋರ್ ಬಿಚ್ಚಿ, ತೆಳ್ಳನೆ ಕಡ್ಡಿ ಇಳಿಸಿ ನೋಡಬೇಕು. ಕಡ್ಡಿ ಒದ್ದೆಯಾಗದಿದ್ದರೆ ಮತ್ತೆ ಹಾಕಬೇಕು. ಬೈಕ್ ತಿಂಗಳುಗಟ್ಟಲೆ ನಿಲ್ಲಿಸುವವರಿಗೆ ಒಳಗೆ ಉಳಿಯುವುದು ರಬ್ಬರ್ ಉಂಡೆ ಮಾತ್ರ. ಮೋಟಾರ್‌ಬೈಕಿನ ಟ್ಯೂಬ್‌ಲೆಸ್ ಹಾಗೆ ಹಾಕಿ ಮರೆತುಬಿಡುವ ವಸ್ತು ಇದಲ್ಲ. ಆ ಟೈರ್ ದಪ್ಪ, ಸೀಲಂಟ್ ಇಲ್ಲದೆಯೂ ಹವಾ ಹಿಡಿಯುತ್ತದೆ. ನಮ್ಮದು ತೆಳು.

ರಿಮ್ ಹೊಂದದಿದ್ದರೆ ಹೊಸ ಗಾಲಿಗೆ ಅಷ್ಟು ದುಡ್ಡು ಸುರಿಯುವ ಮೊದಲು ಒಂದು ದಾರಿ ಇದೆ. ಕೋರ್ ಬಿಚ್ಚಲು ಬರುವ ಮಾಮೂಲಿ ಬ್ಯೂಟೈಲ್ ಟ್ಯೂಬ್ ತಗೊಂಡು ಅದರೊಳಗೇ ಸ್ವಲ್ಪ ಸೀಲಂಟ್ ಬಿಡಿ. ಸಣ್ಣ ಮುಳ್ಳನ್ನು ಬಹಳ ಸಲ ತಡೆಯುತ್ತದೆ. ನಾನು ಹೀಗೇ ಓಡಿಸುತ್ತಿದ್ದೇನೆ, ಬಿಡುವ ಮನಸ್ಸಿಲ್ಲ.

ಸಪ್ತಾಪುರ, ಧಾರವಾಡ:
ಹಾವೇರಿಯವರು ಹೇಳಿದ್ದು ಸರಿ. ಆದರೆ ಪ್ರಶ್ನೆ ಕೇಳಿದವರು ದಿನಾ ಓಡಿಸುವವರು, ಅವರಿಗೆ ಒಣಗುವ ಚಿಂತೆ ಅಷ್ಟಿಲ್ಲ. ರಿಮ್ ಹೊಂದಿದರೆ ಮಾಡಿಸಲಿ ಅನ್ನುವುದೇ ನನ್ನ ಮಾತು.

ಗದಗ:
ನಡುದಾರಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಪ್ಲಗ್ ಕಿಟ್ ಇಟ್ಟುಕೊಳ್ಳಿ. ತೂತು ದೊಡ್ಡದಾದರೆ ಗಾಲಿ ಬಿಚ್ಚದೆಯೇ ರಬ್ಬರ್ ಬತ್ತಿ ತುರುಕಬಹುದು. ಪಂಪ್ ಜೊತೆಗಿರಲಿ. ಹವಾ ತುಂಬುವ ಸಿಒ2 ಡಬ್ಬಿ ಬೇಡ, ಲ್ಯಾಟೆಕ್ಸ್ ಸೀಲಂಟ್ ಅದರಿಂದ ಕೆಡಬಹುದು.

ಒಂದು ಟ್ಯೂಬ್ ಕೂಡ ಬ್ಯಾಗಿನಲ್ಲಿ ಇರಲೇಬೇಕು. ಟೈರ್ ಸೀಳಿದಾಗ ಊರು ಮುಟ್ಟಿಸುವುದು ಅದೇ. ಆದರೆ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆಲ್ಲ ಬಟ್ಟೆ ಆಡಿಸಿ ನೋಡಿ. ಎಷ್ಟೋ ದಿನದ ಮುಳ್ಳು, ಹೆದ್ದಾರಿಯ ಒಡೆದ ಲಾರಿ ಟೈರಿನ ಸಣ್ಣ ತಂತಿ, ಎಲ್ಲ ಒಳಗೆ ಚುಚ್ಚಿಕೊಂಡೇ ಇರುತ್ತವೆ. ಸೀಲಂಟ್ ಇದ್ದಾಗ ಗೊತ್ತಾಗುವುದಿಲ್ಲ. ಬಟ್ಟೆ ಸಿಕ್ಕಿಕೊಂಡ ಕಡೆಯೆಲ್ಲ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಹೊಸ ಟ್ಯೂಬ್ ಹತ್ತು ಹೆಜ್ಜೆಯೂ ಬಾಳುವುದಿಲ್ಲ. ವಾಲ್ವಿನ ನಟ್ಟನ್ನು ಇವತ್ತೇ ನೋಡಿಕೊಳ್ಳಿ. ಬರಿಗೈಯಲ್ಲಿ ಬಿಚ್ಚುವಷ್ಟು ಬಿಗಿ ಇರಲಿ, ಇಕ್ಕಳ ಹಾಕಿ ತಿರುಗಿಸಬೇಡಿ. ಟ್ಯೂಬ್ ಹಾಕಬೇಕಾದರೆ ಆ ವಾಲ್ವ್ ಮೊದಲು ಹೊರಗೆ ಬರಬೇಕು.